ಅತ್ತೆಯ ಪಿಸ್ತೂಲಿಗೆ ಎಷ್ಟು ಎಣ್ಣೆ

ಇದನ್ನು ಈಗಾಗಲೇ ಮೂರು ಸಲ ಬರೆದಿದ್ದೇನೆ. ಮೂರರಲ್ಲೂ ಬೆಳಗಿನ ಮಂಜಿತ್ತು, ಕಬಿನಿಯ ಮೇಲೊಂದು ದೋಣಿ ಇತ್ತು, ಅತ್ತೆಯ ಮುಂದೆ ನೀಲಿ ಟವೆಲ್ಲಿನ ಮೇಲೆ ಬಿಚ್ಚಿಟ್ಟ ಪಿಸ್ತೂಲು ಇತ್ತು. ಮೂರನೆಯದನ್ನು ಅತ್ತೆಗೆ ಓದಿ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಾ ಕೇಳಿದಳು.

"ನೀಲಿ ಟವೆಲ್ ಯಾವತ್ತಿತ್ತು ನಮ್ಮನೇಲಿ?" ಅಂದಳು. "ಅದು ನಿಮ್ಮಪ್ಪನ ಹಳೇ ಪಂಚೆ. ಬಿಳೀದು. ಬಿಳೀ ಬಟ್ಟೆ ಬಿಟ್ಟು ಬೇರೆ ಬಟ್ಟೆ ಮೇಲೆ ಯಾರಾದ್ರೂ ಪಿಸ್ತೂಲ್ ಬಿಚ್ತಾರೇನ್ಲಾ? ಒಂದು ಪಿನ್ ಬಿದ್ರೆ ಹೆಂಗ್ ಕಾಣುತ್ತೆ?"

"ದೋಣಿ?"

"ನಮ್ ಜಗಲಿಯಿಂದ ಹೊಳೆ ಕಾಣ್ಸಲ್ಲ. ಬಾಳೆ ಅಡ್ಡ."

ಆದ್ದರಿಂದ ಟವೆಲ್ಲನ್ನೂ ದೋಣಿಯನ್ನೂ ತೆಗೆದುಹಾಕಿದ್ದೇನೆ. ಮಂಜಿನ ಬಗ್ಗೆ ಅವಳು ಏನೂ ಹೇಳಲಿಲ್ಲ. ಅದನ್ನು ಬೇಕಾದವರು ಇಟ್ಟುಕೊಳ್ಳಬಹುದು.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಕೇಂದ್ರದ ಒಂದು ಪೋಲೀಸ್ ಪಡೆಯಲ್ಲಿ, ಹೆಂಗಸರ ಬೆಟಾಲಿಯನ್ನಿನಲ್ಲಿ ಕೆಲಸಕ್ಕಿದ್ದು, ನಿವೃತ್ತಳಾಗಿ ಕಬಿನಿಯ ಮಲಯಾಳ ದಡದ ಮರಕ್ಕಡವಿನಲ್ಲಿರುವ ನಮ್ಮ ಮನೆಗೇ ಬಂದಳು. ಆಗಲೇ ಅಪ್ಪ ತೀರಿಕೊಂಡಿದ್ದರು. ಈಗ ಮನೆಯಲ್ಲಿ ನಾವು ಮೂವರು: ಅಮ್ಮ, ಅತ್ತೆ, ನಾನು. ಬೆಟಾಲಿಯನ್ನಿನಲ್ಲಿ ಅತ್ತೆಗಿದ್ದದ್ದು ಆಯುಧಗಳ ಕೋಣೆಯ ಕೆಲಸ. ಬೆಳಿಗ್ಗೆ ಬಂದೂಕು ಕೊಡುವುದು, ಸಂಜೆ ಎಣಿಸಿ ವಾಪಸು ತೆಗೆದುಕೊಳ್ಳುವುದು, ಬಿಚ್ಚುವುದು, ಒರೆಸುವುದು, ಎಣ್ಣೆ ಹಾಕುವುದು, ಜೋಡಿಸುವುದು. ಹೊಡೆಯುವವರು ಬೇರೆ. ಆ ಕಾಲದ ಒಂದು ಫೋಟೋ ಅವಳ ಟ್ರಂಕಿನಲ್ಲಿದೆ. ಗುರಿ ಸ್ಪರ್ಧೆಯಲ್ಲಿ ಗೆದ್ದ ನಾಲ್ವರು ಹೆಂಗಸರು ಕಪ್ ಹಿಡಿದು ನಿಂತಿದ್ದಾರೆ. ಎಡಗಡೆ ಅಂಚಿನಲ್ಲಿ ಒಂದು ಮೊಣಕೈ ಕಾಣುತ್ತದೆ. ಅದು ಅತ್ತೆಯದು. "ಆ ನಾಲ್ಕು ಬಂದೂಕೂ ನಾನ್ ಒರೆಸಿದ್ದು," ಎಂದು ಅವಳು ಆ ಮೊಣಕೈಯನ್ನು ಬೆರಳಿಟ್ಟು ತೋರಿಸುತ್ತಾಳೆ.

ನಿವೃತ್ತಿಯಾದ ಮೇಲೆ ಅವಳು ಲೈಸೆನ್ಸಿಗೆ ಅರ್ಜಿ ಹಾಕಿದಳು. ಬಹಳ ದಿನ ಓಡಾಡಿ ಒಂದು ಮೂವತ್ತೆರಡು ಬೋರಿನ ಪಿಸ್ತೂಲು ತಂದಳು. ಊರಿನವರು ಹಂದಿ ಹೊಡೆಯಲಿಕ್ಕೆ ಅಂದುಕೊಂಡರು. ಅಮ್ಮ ಕಳ್ಳರಿಗೆ ಅಂದುಕೊಂಡಳು. ಅತ್ತೆ ಮಾತ್ರ, "ಅಷ್ಟು ವರ್ಷ ಊರೋರ ಬಂದೂಕು ಒರೆಸಿದ್ದಾಯ್ತು. ನಂದೂಂತ ಒಂದು ಒರೆಸ್ಬೇಕು," ಅಂದಳು. ಒರೆಸುವುದಷ್ಟೇ ಅಲ್ಲ. ಕಲ್ಪೆಟ್ಟದ ಆಚೆ, ಕೆಲಸ ನಿಂತ ಒಂದು ಕಲ್ಲು ಕ್ವಾರಿಯಲ್ಲಿ ಒಂದು ಪುಟ್ಟ ಶೂಟಿಂಗ್ ಕ್ಲಬ್ ಇದೆ. ಅಲ್ಲಿ ವರ್ಷಕ್ಕೊಮ್ಮೆ, ವಿಜಯದಶಮಿಯ ರಜೆಯ ದಿನ, ಐವತ್ತು ದಾಟಿದವರಿಗೆಂದು ಸ್ಪರ್ಧೆ. ಐದೈದರಂತೆ ಇಪ್ಪತ್ತು ಗುಂಡು. ಕ್ಲಬ್ಬಿನದೇ ಒಂದು ನಿಯಮವಿದೆ: ನಡುವೆ ಆಯುಧ ಒಮ್ಮೆ ನಿಂತರೆ ಸರಿಮಾಡಿಕೊಂಡು ಮುಂದುವರಿಯಬಹುದು. ಎರಡನೆಯ ಸಲ ನಿಂತರೆ ಕೆಳಗಿಟ್ಟು ಹಿಂದೆ ಬರಬೇಕು. ಅತ್ತೆಗೆ ಆ ಇಪ್ಪತ್ತೂ ಗುಂಡು ತಾನೇ ಹೊಡೆಯಬೇಕಿತ್ತು. ಕಪ್ ಬೇಕಿರಲಿಲ್ಲ. ಇಪ್ಪತ್ತು ಬೇಕಿತ್ತು.

ಮೊದಲನೆಯ ದಸರೆಯಲ್ಲಿ ಮೂರನೆಯ ಗುಂಡಿಗೆ ಪಿಸ್ತೂಲು ನಿಂತಿತು. ಸರಿಮಾಡಿಕೊಂಡಳು. ಏಳನೆಯದಕ್ಕೆ ಮತ್ತೆ ನಿಂತಿತು. ರೇಂಜ್ ನೋಡಿಕೊಳ್ಳುವವನು ಸೈನ್ಯದಲ್ಲಿದ್ದು ಬಂದ, ದೊಡ್ಡ ದನಿಯ ಮನುಷ್ಯ. ಅವನು ಅತ್ತೆಯನ್ನು ಚೇಚಿ, ಅಂದರೆ ಅಕ್ಕ ಎಂದು ಕರೆದು ಮಲಯಾಳದಲ್ಲಿ, "ಚೇಚಿಯ ಪಿಸ್ತೂಲು ಹರತಾಳ ಕರೆದಿದೆ!" ಎಂದು ಕೂಗಿದ. ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು. ವಾಪಸು ಬರುವಾಗ ನನ್ನ ಜೀಪಿನಲ್ಲಿ, ಪನಮರಂನಿಂದ ಪುಲ್ಪಳ್ಳಿಯವರೆಗೂ ಅವಳು ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡೇ ಕೂತಿದ್ದಳು.

ಅದರ ಕಾರಣವನ್ನು ಅವಳೇ ವಿವರಿಸಿದಳು. ಇಂಥ ಪಿಸ್ತೂಲು ತನ್ನ ಅರ್ಧ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ. ಗುಂಡು ಹಾರಿದ ಹೊಡೆತಕ್ಕೆ ಮೇಲಿನ ಉಕ್ಕಿನ ಭಾಗ, ಅಂದರೆ ಸ್ಲೈಡು, ಹಿಂದಕ್ಕೆ ಜಾರಿ ಖಾಲಿ ತೋಟೆಯನ್ನು ಹೊರಗೆ ಎಸೆಯುತ್ತದೆ. ಮುಂದಕ್ಕೆ ಬರುವಾಗ ಹೊಸದನ್ನು ತಳ್ಳಿಕೊಂಡು ಬರುತ್ತದೆ. ಆದರೆ ಹಿಡಿದ ಕೈ ಗಟ್ಟಿಯಾಗಿರಬೇಕು. ಕೈ ಸಡಿಲವಾದರೆ ಆ ಹೊಡೆತವೆಲ್ಲ ಕೈಯಲ್ಲೇ ಕರಗಿ ಸ್ಲೈಡು ಅರ್ಧದಲ್ಲಿ ನಿಲ್ಲುತ್ತದೆ.

"ಪಿಸ್ತೂಲ್ ನಾನೇ ಒರೆಸಿದ್ದು. ಅದ್ರಲ್ಲಿ ತಪ್ಪಿರಲ್ಲ," ಅಂದಳು. "ತೋಟೆ ಹೊಸದು. ಇನ್ನೇನು ಉಳೀತು? ಕೈ."

ಮನೆಗೆ ಬಂದು ಪಿಸ್ತೂಲು ಬಿಚ್ಚಿದಾಗ ಒಳಗೆ ಕಪ್ಪು ಮೆತ್ತನೆಯ ಕೊಳೆ ಇತ್ತಂತೆ. ಆಗ ಅವಳ ಎರಡೂ ಕಣ್ಣಿಗೆ ಪೊರೆ. ಬೆರಳಿನಿಂದ ಮುಟ್ಟಿ ಮುಟ್ಟಿ ಒರೆಸಿದ್ದಳು. ಮದ್ದಿನ ಮಸಿ ಅಂದುಕೊಂಡಳು. ಮುಂದಿನ ದಸರೆಯಲ್ಲೂ ನಿಂತರೆ ಪಿಸ್ತೂಲನ್ನೂ ಲೈಸೆನ್ಸನ್ನೂ ಒಪ್ಪಿಸಿಬಿಡುವುದೆಂದು ತೀರ್ಮಾನಿಸಿದಳು. "ಕೈ ಸೋತೋಳ ಹತ್ರ ಆಯುಧ ಇರ್ಬಾರ್ದು. ನಾನೇ ಎಷ್ಟೋ ಜನದ್ದು ಕಿತ್ಕೊಂಡಿದ್ದೀನಿ." ಮಲಯಾಳ ಬರವಣಿಗೆ ನನ್ನದು ಚೆಂದ ಎಂದು ಅರ್ಜಿಯನ್ನು ನನ್ನ ಕೈಯಲ್ಲೇ ಬರೆಸಿದಳು. ತಾರೀಖಿನ ಜಾಗ ಖಾಲಿ. ಸಹಿ ಮಾಡಿ, ಮಡಿಸಿ, ಪಿಸ್ತೂಲಿನ ಪೆಟ್ಟಿಗೆಯ ತಳದಲ್ಲಿ ಇಟ್ಟಳು.

ಆಮೇಲೆ ಒಂದು ವರ್ಷ ಅವಳು ಕೈ ಗಟ್ಟಿ ಮಾಡಿಕೊಂಡಳು. ರಬ್ಬರ್ ಚೆಂಡು ಹಿಸುಕಿದಳು. ತೆಂಗಿನಕಾಯಿ ತುರಿಯುವ ಕೆಲಸವನ್ನು ಅಮ್ಮನಿಂದ ಕಿತ್ತುಕೊಂಡಳು. ಒಗೆದ ಬಟ್ಟೆ ಹಿಂಡುವುದನ್ನು ಬೇರೆ ಯಾರಿಗೂ ಬಿಡಲಿಲ್ಲ. ಆ ವರ್ಷ ನನ್ನ ನಾಲ್ಕು ಅಂಗಿ, ಅಮ್ಮನ ಎರಡು ಸೀರೆ ಹಿಂಡಿಸಿಕೊಂಡೇ ಹರಿದವು.

"ಅಮ್ಮಣ್ಣೀ, ಅದು ರವಿಕೆ, ಹಾವಲ್ಲ. ಕೊಲ್ಲಬೇಡ," ಎಂದು ಅಮ್ಮ ಬಾವಿಕಟ್ಟೆಯಿಂದ ಅತ್ತೆಗೆ ಕೂಗುತ್ತಿದ್ದಳು.

ಅದೇ ವರ್ಷ ಮಾನಂತವಾಡಿಯಲ್ಲಿ ಅತ್ತೆಯ ಕಣ್ಣಿನ ಪೊರೆಯನ್ನೂ ತೆಗೆದರು. ಮೊದಲು ಒಂದು, ಆಮೇಲೆ ಇನ್ನೊಂದು.

ಇನ್ನು ನಾನು ಮಾಡಿದ್ದನ್ನು ಹೇಳಬೇಕು. ಅದಕ್ಕೆ ಮೊದಲು ಅಮ್ಮನ ಹಬ್ಬ.

ಅಮ್ಮ ಹೊಳೆಯಾಚೆಯವಳು. ಬೈರಕುಪ್ಪೆಯ ಕಡೆಯಿಂದ ಮದುಮಗಳಾಗಿ ದೋಣಿಯಲ್ಲಿ ಬಂದಳು. (ಈ ದೋಣಿ ನಿಜ. ಅತ್ತೆ ಇದನ್ನು ಒಪ್ಪಿದ್ದಾಳೆ.) ಅವಳ ತವರಿನಲ್ಲಿ ನವಮಿಯ ದಿನ ಕತ್ತಿ, ಗುದ್ದಲಿ, ಗಾಡಿ ಎಲ್ಲ ತೊಳೆದು, ಕುಂಕುಮವಿಟ್ಟು, ಬೂದುಗುಂಬಳ ಒಡೆದು ಪೂಜೆ ಮಾಡುತ್ತಾರೆ. ಹೊಳೆಯ ಈಚೆ ಬೇರೆ ಪದ್ಧತಿ. ಅಷ್ಟಮಿಯ ಸಂಜೆಯೇ ಪುಸ್ತಕವನ್ನೂ ಕೆಲಸದ ಸಾಮಾನನ್ನೂ ದೇವರ ಮುಂದೆ ಇಟ್ಟರೆ ದಶಮಿಯ ಬೆಳಿಗ್ಗೆಯವರೆಗೆ ಯಾರೂ ಮುಟ್ಟುವಂತಿಲ್ಲ. ಅಮ್ಮ ಎರಡನ್ನೂ ಹಿಡಿದುಕೊಂಡಳು. ಅಷ್ಟಮಿಗೆ ಇಡುತ್ತಾಳೆ, ನವಮಿಗೆ ಕುಂಕುಮ ಹಚ್ಚಿ ಕುಂಬಳಕಾಯಿ ಒಡೆಯುತ್ತಾಳೆ, ದಶಮಿಗೆ ಬಿಡುತ್ತಾಳೆ. "ಆಚೆ ದೇವ್ರಿಗೆ ಹೆದ್ರಿ ಈಚೆ ದೇವ್ರಿಗೆ ಹೆದರ್ದೆ ಇದ್ರೆ ಅವ್ನು ಏನಂದ್ಕೊಂಡಾನು?" ಎನ್ನುತ್ತಾಳೆ.

ಇವೆರಡರ ಮೇಲೆ ನಮ್ಮ ಮನೆಗೇ ಸೇರಿದ ಮೂರನೆಯ ಪದ್ಧತಿ ಒಂದಿದೆ. ಎಲ್ಲಿಂದ ಬಂತೋ ಯಾರಿಗೂ ಗೊತ್ತಿಲ್ಲ. ಪೂಜೆಯಲ್ಲಿ ಇಟ್ಟ ಸಾಮಾನು ಯಾವುದೇ ಆಗಲಿ, ಅದು ಅಲುಗಾಡುವ ಜಾಗಕ್ಕೆ ದೇವರ ದೀಪದಿಂದ ಎಣ್ಣೆ ತೆಗೆದು ಬಿಡಬೇಕು. ಎಳ್ಳೆಣ್ಣೆ. ಕತ್ತರಿಯ ತಿರುಪಿಗೆ, ಔಷಧಿ ಹೊಡೆಯುವ ಪಂಪಿನ ಹಿಡಿಗೆ, ಜೀಪಿನ ಬಾಗಿಲಿಗೆ, ಅಮ್ಮನ ಹೊಲಿಗೆ ಯಂತ್ರಕ್ಕೆ. ಈ ಎಣ್ಣೆಯ ಕೆಲಸ ಮೊದಲು ಅಪ್ಪನದು. ಅಪ್ಪನ ನಂತರ ನನ್ನದು. ನನಗೆ ಬಹಳ ಇಷ್ಟದ ಕೆಲಸ. ಹೊಲಿಗೆ ಯಂತ್ರಕ್ಕೆ ಕಂಡ ಕಂಡ ತೂತಿಗೆಲ್ಲ ಬಿಡುತ್ತೇನೆ. ಅದು ವರ್ಷವಿಡೀ ಜೇನುಹುಳುವಿನ ಹಾಗೆ ಹಾಡುತ್ತದೆ.

ಮೊದಲನೆಯ ದಸರೆಯ ಹಿಂದೆ ಒಂದು ಚುನಾವಣೆ ಇತ್ತು. ಎಲ್ಲರ ಲೈಸೆನ್ಸ್ ಬಂದೂಕುಗಳಂತೆ ಅತ್ತೆಯದೂ ಸ್ಟೇಷನ್ನಿಗೆ ಹೋಗಿ ಮಳೆಗಾಲದಲ್ಲಿ ವಾಪಸು ಬಂದಿತ್ತು. ಅದರ ಮೂತಿಯ ಹತ್ತಿರ ಸಾಸಿವೆಯಷ್ಟು ತುಕ್ಕು. ಅತ್ತೆ ಅದನ್ನು ಉಜ್ಜುತ್ತಾ ಕೂತಿದ್ದನ್ನು ನೋಡಿ, ಈ ಸಲ ಎಣ್ಣೆ ಧಾರಾಳವಾಗಿ ಬಿಡಬೇಕು ಅಂದುಕೊಂಡಿದ್ದೆ. ಅಷ್ಟಮಿಯ ಸಂಜೆ ಅವಳು ಪಿಸ್ತೂಲನ್ನು ಪೂರ್ತಿ ಬಿಚ್ಚಿ, ಒರೆಸಿ, ಜೋಡಿಸಿ, ಖಾಲಿ ಮಾಡಿ ಅಮ್ಮನ ಮಣೆಯ ಮೇಲೆ ಇಟ್ಟಳು. ತೋಟೆಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಲು ಒಳಗೆ ಹೋದಳು. ನಾನು ದೀಪದಿಂದ ಚಮಚದಲ್ಲಿ ಎಣ್ಣೆ ತೆಗೆದೆ. ಪಿಸ್ತೂಲಿನಲ್ಲಿ ಮೂರು ತೂತು ಕಂಡವು: ಗುಂಡು ಹೋಗುವ ಮೂತಿ, ಖಾಲಿ ತೋಟೆ ಹೊರಬೀಳುವ ಕಿಂಡಿ, ಹಿಡಿಯ ಕೆಳಗೆ ತೋಟೆಗಳ ಡಬ್ಬಿ, ಅಂದರೆ ಮ್ಯಾಗಜೀನ್, ಸೇರಿಸುವ ಬಾಯಿ.

ದಶಮಿಯ ಬೆಳಿಗ್ಗೆ ಅತ್ತೆ ಅದನ್ನು ಮಣೆಯಿಂದ ಎತ್ತಿ, ಪೊರೆಗಣ್ಣಿನಲ್ಲಿ ಖಾಲಿಯೇ ಎಂದಷ್ಟೇ ನೋಡಿ, ಪೆಟ್ಟಿಗೆಗೆ ಹಾಕಿ ಜೀಪು ಹತ್ತಿದ್ದಳು. ಅಷ್ಟಮಿಗೇ ಒರೆಸಿ ಆಗಿತ್ತಲ್ಲ.

ಎರಡನೆಯ ದಸರೆಯಲ್ಲೂ ಹಾಗೆಯೇ ಮಾಡಿದೆ. ಪ್ರೀತಿ ಸ್ವಲ್ಪ ಹೆಚ್ಚೇ ಇತ್ತು. ಅದು ಅವಳ ಕೊನೆಯ ಅವಕಾಶ ಎಂದು ನನಗೆ ಗೊತ್ತಿತ್ತಲ್ಲ.

ಆ ಎರಡನೆಯ ವಿಜಯದಶಮಿಯ ಬೆಳಿಗ್ಗೆ ಆರೂವರೆ. ಏಳೂವರೆಗೆ ಹೊರಡಬೇಕು. ಅಮ್ಮ ಅಡುಗೆಮನೆಯಲ್ಲಿ ಅವಲಕ್ಕಿ ಪಾಯಸ ಮಾಡುತ್ತಿದ್ದಳು. ಅತ್ತೆ ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಪಿಸ್ತೂಲು ಎತ್ತಿದಳು. ಹೊಸ ಕಣ್ಣು ಬಂದ ಮೇಲೆ ಅವಳು ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದಳು, ಅಕ್ಕಿಯನ್ನು ಕೂಡ. ಪಿಸ್ತೂಲನ್ನು ಜಗಲಿಗೆ ತಂದಳು. ಆಯುಧ ಕೈಗೆ ಬಂದ ಕೂಡಲೇ ಖಾಲಿಯೇ ಎಂದು ನೋಡುವುದು ಅವಳ ಅಭ್ಯಾಸ. ತಾನೇ ಇಟ್ಟದ್ದಾದರೂ ನೋಡುತ್ತಾಳೆ. ಸ್ಲೈಡು ಎಳೆದಳು. ಅದು ಬೆಲ್ಲದ ಪಾಕದಲ್ಲಿ ಎಳೆದ ಹಾಗೆ ನಿಧಾನವಾಗಿ ಬಂತು. ಒಳಗೆ ಕಿರುಬೆರಳು ಹಾಕಿದಳು. ಬೆರಳು ಕೆಂಪಾಗಿ, ಅಂಟಂಟಾಗಿ ಹೊರಗೆ ಬಂತು. ಮೂಸಿದಳು.

"ಏನ್ಲಾ ಇದು? ಎಳ್ಳುಂಡೆ ವಾಸ್ನೆ!"

"ಎಳ್ಳುಂಡೆ ಎಲ್ಲಿ ಮಾಡಿದ್ದೀನಿ?" ಅಮ್ಮ ಒಳಗಿನಿಂದ ಕೂಗಿದಳು. "ಪಾಯಸ ಅದು!"

"ಪಾಯಸ ಅಲ್ಲ ಅತ್ತಿಗೆ, ಪಿಸ್ತೂಲು!"

ನಾನು ಜೀಪಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದೆ. ಎದ್ದು ನಿಂತೆ.

"ದೀಪದೆಣ್ಣೆ, ಅತ್ತೆ," ಅಂದೆ.

"ಎಷ್ಟು?"

"ಒಂದು ಚಮಚ."

ಅವಳು ನನ್ನನ್ನೇ ನೋಡಿದಳು.

"ಒಂದೊಂದು ತೂತಿಗೆ," ಅಂದೆ.

"ಎಷ್ಟು ತೂತಿಗೆ?"

"ಮೂರು."

"ಹೋದ ವರ್ಷ?"

"ಹೋದ ವರ್ಷಾನೂ."

ಇಲ್ಲಿಗೆ ಬಂದಾಗ ನನ್ನ ಮೂರು ಬರಹಗಳು ಮೂರು ದಾರಿ ಹಿಡಿದಿವೆ. ಒಂದರಲ್ಲಿ ಅತ್ತೆ ಅಳುತ್ತಾಳೆ. ಒಂದರಲ್ಲಿ ಪೊರಕೆ ಹಿಡಿದು ಅಂಗಳದ ಸುತ್ತ ನನ್ನನ್ನು ಅಟ್ಟಿಸಿಕೊಂಡು ಬರುತ್ತಾಳೆ. ಒಂದರಲ್ಲಿ ಸುಮ್ಮನೆ ಬಹಳ ಹೊತ್ತು ಕೂರುತ್ತಾಳೆ. ಆ ಮೂರನೆಯದು ಕಥೆಗಳಲ್ಲಿ ಜನ ಕೂರುವ ರೀತಿ. ನಾನು ಖಚಿತವಾಗಿ ಹೇಳಬಲ್ಲದ್ದು ಇಷ್ಟೇ: ಅವಳು ಬಲಗೈಯನ್ನು ಮುಖದ ಮುಂದೆ ಎತ್ತಿ, ಮಣಿಕಟ್ಟನ್ನು ಅತ್ತ ಇತ್ತ ತಿರುಗಿಸಿ ನೋಡಿದಳು. ಆಮೇಲೆ ಕೂಗಿದಳು.

"ಅತ್ತಿಗೇ! ನನ್ ಕೈಯಲ್ಲ! ನನ್ ಕೈಯಲ್ಲ!"

ಅಮ್ಮ ಸೌಟು ಹಿಡಿದುಕೊಂಡೇ ಓಡಿಬಂದಳು. "ಅಯ್ಯೋ, ಕೈಗೇನಾಯ್ತು? ಹೊಡ್ಕೊಂಡ್ಬಿಟ್ಯಾ?"

"ಏನೂ ಆಗಿಲ್ಲ! ಅದನ್ನೇ ಹೇಳ್ತಿರೋದು! ಕೈಗೆ ಏನೂ ಆಗಿಲ್ಲ!"

"ಏನೂ ಆಗ್ದಿದ್ರೆ ಯಾಕೆ ಹಂಗ್ ಬಡ್ಕೊಳ್ತೀಯ? ಪಾಯ್ಸ ತಳ ಹಿಡೀತು ನಂದು!"

ಅತ್ತೆ ನಗಲು ಶುರುಮಾಡಿದಳು. ಜಗಲಿಯ ಮೇಲೆ ಕೂತು, ಕಂಬಕ್ಕೆ ಒರಗಿ, ಕೆಂಪು ಬೆರಳನ್ನು ಮೇಲೆತ್ತಿ ಹಿಡಿದು ನಕ್ಕಳು. "ಒಂದು ವರ್ಷ ಬಟ್ಟೆ ಹಿಂಡಿದ್ನಲ್ಲೋ ಪಾಪಿ! ಒಂದು ವರ್ಷ!" ಅಮ್ಮನಿಗೆ ವಿಷಯ ಗೊತ್ತಾಗಿ, ಹರಿದ ಎರಡು ಸೀರೆ ನೆನಪಾಗಿ, ಅವಳು ಸೌಟಿನಿಂದ ನನ್ನ ಬೆನ್ನಿಗೆ ಒಂದು ಕೊಟ್ಟಳು. ನನ್ನ ಬರಹದ ಪೊರಕೆ ಬಹುಶಃ ಇದೇ ಸೌಟಿನಿಂದ ಹುಟ್ಟಿದ್ದು.

ನಗು ನಿಂತ ಮೇಲೆ ಅತ್ತೆ ಗಂಭೀರಳಾದಳು. "ಇನ್ನೂ ಗೊತ್ತಾಗ್ಲಿಲ್ಲ. ಎಣ್ಣೆನೂ ಇರ್ಬೋದು, ಕೈಯೂ ಇರ್ಬೋದು. ಎಣ್ಣೆ ತೆಗೆದು ಹೊಡೆದ್ರೆ ತಾನೇ ತಿಳಿಯೋದು? ಆಮೇಲೂ ನಿಂತ್ರೆ, ಅರ್ಜಿ ಪೆಟ್ಗೆಲೇ ಇದೆ. ಎಷ್ಟೀಗ ಗಂಟೆ?"

ಏಳಕ್ಕೆ ಇಪ್ಪತ್ತು ನಿಮಿಷ ಇತ್ತು.

ಪಂಚೆ ಹಾಸಿದಳು. ಮ್ಯಾಗಜೀನ್ ಇಲ್ಲ, ಕೊಳವೆ ಖಾಲಿ, ಇನ್ನೊಮ್ಮೆ ನೋಡಿದಳು, ನನಗೂ ತೋರಿಸಿದಳು. ಪಕ್ಕದ ಒಂದು ಅಡ್ಡಗೂಟ ತಳ್ಳಿ, ಸ್ಲೈಡನ್ನು ಮುಂದಕ್ಕೆ ಜಾರಿಸಿ ತೆಗೆದಳು. ಅದರ ಹೊಟ್ಟೆಯೊಳಗಿನಿಂದ ಸ್ಪ್ರಿಂಗು, ಆಮೇಲೆ ಕೊಳವೆ. ನಾಲ್ಕೇ ತುಂಡು. ಅಷ್ಟು ಸಣ್ಣ ವಸ್ತುವಿನಲ್ಲಿ ಅಷ್ಟು ಎಣ್ಣೆ ಎಲ್ಲಿ ಅಡಗಿತ್ತೋ. ಎರಡು ದಿನ ದೀಪದ ಪಕ್ಕ ಬೆಚ್ಚಗೆ ಕೂತು, ಕುಂಕುಮ, ಗಂಧ, ಕರ್ಪೂರದ ಹೊಗೆ ಎಲ್ಲವನ್ನೂ ಕುಡಿದು ಅದು ಒಂದು ಥರದ ಕೆಂಪು ಅಂಟಾಗಿತ್ತು.

"ಲೇಹ್ಯ ಇದು," ಅತ್ತೆ ಅಂದಳು. "ಬಾಣಂತಿಗೆ ಕೊಡ್ಬೋದು."

ರೇಷನ್ನಿನ ಸೀಮೆಎಣ್ಣೆಯ ಒಂದು ಬಾಟಲಿಯನ್ನು ಅಮ್ಮ ಅಟ್ಟದಲ್ಲಿ ಎಂದೋ ಬಚ್ಚಿಟ್ಟಿದ್ದಳು. ಅದು ಹೊರಗೆ ಬಂತು. ಹಳೆಯ ಹಲ್ಲುಜ್ಜುವ ಬ್ರಶ್ ಅದರಲ್ಲಿ ಅದ್ದಿ ನಾನು ಸ್ಲೈಡಿನ ಒಳಗಿನ ಜಾಡುಗಳನ್ನು ಉಜ್ಜಿದೆ. ಅತ್ತೆ ಕಡ್ಡಿಯ ತುದಿಗೆ ಬನಿಯನ್ನಿನ ಚಿಂದಿ ಸುತ್ತಿ ಕೊಳವೆಯೊಳಗೆ ತಳ್ಳಿದಳು. ಮೊದಲ ಚಿಂದಿ ಕೆಂಪು, ಎರಡನೆಯದು ಕಂದು, ಆರನೆಯದು ಹಳದಿ. "ಬಿಳೀದು ಹೋಗಿ ಬಿಳೀದೇ ಬರ್ಬೇಕು," ಎಂದು ಏಳನೆಯದನ್ನು ಹರಿದಳು. ಅದು ನನ್ನ ಬನಿಯನ್ನು. ಇನ್ನೂ ಹಿಂಡಿಸಿಕೊಂಡಿರದ ಒಂದೇ ಒಂದು.

ಸ್ಪ್ರಿಂಗು ಒರೆಸುವಾಗ ನನ್ನ ಕೈಯಿಂದ ಅದು ಹಾರಿತು. ಎಲ್ಲಿ ಬಿತ್ತು? ದಶಮಿಯ ಬೆಳಿಗ್ಗೆ ಮನೆಯವರೆಲ್ಲ ಅಕ್ಕಿಯ ತಟ್ಟೆಯಲ್ಲಿ ಬೆರಳಿನಿಂದ ಅಕ್ಷರ ಬರೆಯುವುದು ಇಲ್ಲಿನ ವಾಡಿಕೆ. ಸ್ಪ್ರಿಂಗು ಆ ಅಕ್ಕಿಯ ತಟ್ಟೆಯಲ್ಲಿ ಬಿದ್ದು ಒಂದು ಸುರುಳಿ ಬರೆಯಿತು ಎಂದು ಮೂರು ಸಲವೂ ಬರೆದಿದ್ದೇನೆ. ಎಷ್ಟು ಚೆನ್ನಾಗಿದೆ ಎಂದು ಮೂರು ಸಲವೂ ಅನ್ನಿಸಿತು. ಅಮ್ಮನನ್ನು ಕೇಳಿದೆ.

"ಅಕ್ಕಿ ತಟ್ಟೆ ನಾನಿನ್ನೂ ಇಟ್ಟೇ ಇರ್ಲಿಲ್ಲ," ಅಂದಳು. "ನಿನ್ ಚಪ್ಲೀಲಿ ಬಿದ್ದಿತ್ತು. ಎಡಗಾಲಿಂದ್ರಲ್ಲಿ."

ಚಪ್ಪಲಿ ಇರಲಿ.

ಎಲ್ಲ ಒಣಗಿದ ಮೇಲೆ ಅತ್ತೆ ಪೆಟ್ಟಿಗೆಯಿಂದ ಕಣ್ಣಿನ ಡ್ರಾಪ್ಸ್‌ನ ಒಂದು ಪುಟ್ಟ ಬಾಟಲಿ ತೆಗೆದಳು. ಆಪರೇಷನ್ ಆದ ಮೇಲೆ ಕೊಟ್ಟದ್ದು. ಖಾಲಿಯಾದಾಗ ತೊಳೆದು ಬಂದೂಕಿನ ಎಣ್ಣೆ ತುಂಬಿಸಿಕೊಂಡಿದ್ದಳು. ಸ್ಲೈಡು ಜಾರುವ ಜಾಡಿಗೆ ಎರಡು ಕಡೆ ಒಂದೊಂದು ಹನಿ. ಕೊಳವೆ ತಾಗುವ ಜಾಗಕ್ಕೆ ಒಂದು. ಆ ಹನಿಯನ್ನೂ ಬೆರಳಿನಿಂದ ಸವರಿ, ಚಿಂದಿಯಿಂದ ಒರೆಸಿಬಿಟ್ಟಳು.

"ಒರೆಸೋದಾದ್ರೆ ಹಾಕಿದ್ದೇಕೆ?" ಅಂದೆ.

"ಮುಟ್ಟು."

ಮುಟ್ಟಿದೆ. ಬೆರಳು ಜಾರಿತು. ಕಣ್ಣಿಗೆ ಏನೂ ಕಾಣಲಿಲ್ಲ.

"ಇಷ್ಟೇ ಸಾಕು ಅದ್ಕೆ. ಜಾಸ್ತಿ ಆದ್ರೆ ಮಸೀನೆಲ್ಲ ಹಿಡ್ಕೊಂಡು ಕೂರುತ್ತೆ. ಬೆಳಗಿನ ಚಳೀಲಿ ಗಟ್ಟಿ ಆಗುತ್ತೆ. ಇನ್ನು ಮ್ಯಾಗಜೀನ್ ಇದೆ ನೋಡು, ಅದ್ಕೆ ಒಂದ್ ಹನೀನೂ ಇಲ್ಲ. ಅದ್ರೊಳಗೆ ಎಣ್ಣೆ ಬಿಟ್ಟೋರ ರಜೆ ಕಟ್ ಮಾಡ್ತಿದ್ದೆ ನಾನು."

"ನನ್ ರಜೆ?"

"ನಿಂಗೆ ರಜೆ ಬಿಟ್ಟು ಬೇರೇನಿದೆ?" ಎಂದು ಅಮ್ಮ ಒಳಗಿನಿಂದಲೇ ಅಂದಳು.

ಕೆಡವಿ ಕಟ್ಟುವುದರ ಬಗ್ಗೆ, ನೆನಪು ಮತ್ತು ಪಿಸ್ತೂಲಿನ ಬಗ್ಗೆ ಇಲ್ಲಿ ಒಂದು ಸಾಲು ಬರೆಯುವ ಆಸೆಯಾಗುತ್ತದೆ. ಬರೆದೂ ಇದ್ದೆ. ಅತ್ತೆ ಅದನ್ನು ಕೇಳಿ ಆಕಳಿಸಿದಳು.

ಸ್ಪ್ರಿಂಗನ್ನು ಒತ್ತಿ ಹಿಡಿದು ಕೂರಿಸುವುದು ಕಷ್ಟದ ಕೆಲಸ. ನಾನು ಕೈ ಚಾಚಿದೆ. ಅವಳು ಕೊಡಲಿಲ್ಲ. ಹೆಬ್ಬೆರಳಿನಿಂದ ಒತ್ತಿದಳು. ಒಂದು ವರ್ಷ ನಮ್ಮ ಬಟ್ಟೆಗಳ ಪ್ರಾಣ ತೆಗೆದ ಕೈ ಅದು. ಸ್ಪ್ರಿಂಗು ಸದ್ದಿಲ್ಲದೆ ಒಳಗೆ ಹೋಯಿತು. ಸ್ಲೈಡು ಎಳೆದು ಬಿಟ್ಟಳು. ಟಕ್. ಮತ್ತೆ ಎಳೆದು ಬಿಟ್ಟಳು. ಟಕ್. ಅಮ್ಮನೂ ಬಂದು ನಿಂತು ಕೇಳಿದಳು.

"ಚೆನ್ನಾಗಿದೆ ಸದ್ದು," ಅಂದಳು ಅಮ್ಮ, ಹಣ್ಣಾದ ಹಲಸನ್ನು ತಟ್ಟಿ ನೋಡಿ ಹೇಳುವ ಹಾಗೆ.

ಅಕ್ಕಿಯ ತಟ್ಟೆಯಲ್ಲಿ ಬರೆಯದೆ ಹೊರಡಲು ಅಮ್ಮ ಬಿಡಲಿಲ್ಲ. ಅಮ್ಮ ಕನ್ನಡದಲ್ಲಿ ಶ್ರೀ ಬರೆದಳು. ಅತ್ತೆ, ಶಾಲೆಯಲ್ಲಿ ಕಲಿತ ಮಲಯಾಳದಲ್ಲಿ ಹರಿಶ್ರೀ ಬರೆದಳು. ಬೆರಳಿನಲ್ಲಿ ಸೀಮೆಎಣ್ಣೆಯ ವಾಸನೆ ಇದ್ದದ್ದರಿಂದ ಆ ಅಕ್ಕಿಯನ್ನು ಕೋಳಿಗಳೂ ಮುಟ್ಟಲಿಲ್ಲವಂತೆ. ಚಕ್ರ ನಿಂಬೆಹಣ್ಣನ್ನು ಅರೆದುಕೊಂಡು ಹೊರಟಿತು. ಏಳೂ ಮುಕ್ಕಾಲು.

ಕ್ವಾರಿಯಲ್ಲಿ ಹನ್ನೊಂದು ಜನ ಇದ್ದರು. ಅತ್ತೆಯೊಬ್ಬಳೇ ಹೆಂಗಸು. ರೇಂಜಿನವನು ಲೈಸೆನ್ಸ್ ನೋಡಿ, ಪಿಸ್ತೂಲು ಕೈಗೆ ತೆಗೆದುಕೊಂಡು, ಮೂಗು ಹತ್ತಿರ ತಂದು, ಎರಡು ಸಲ ಮೂಸಿ ವಾಪಸು ಕೊಟ್ಟ. ನಾನು ಹಗ್ಗದ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಕಿವಿಗೆ ಅಮ್ಮ ಕೊಟ್ಟ ದೀಪದ ಬತ್ತಿಯ ಹತ್ತಿ.

ಮೊದಲ ಐದು ಹೋದವು. ಮೂರನೆಯದಕ್ಕೆ ನಾನು ಕಣ್ಣು ಮುಚ್ಚಿದ್ದೆ. ಖಾಲಿ ತೋಟೆಗಳು ಬಲಕ್ಕೆ ಹಾರಿ ಕಲ್ಲಿನ ಮೇಲೆ ಚಿಣ್ ಎಂದವು. ಎರಡನೆಯ ಐದರಲ್ಲಿ ಆರು ಹೋಯಿತು. ಏಳು. ಏಳು ಹೋಯಿತು. ಎಂಟು, ಒಂಬತ್ತು, ಹತ್ತು. ಮೂರನೆಯ ಮ್ಯಾಗಜೀನ್ ಹಾಕಿದಳು. ಹನ್ನೊಂದು, ಹನ್ನೆರಡು. ಆಮೇಲೆ ಏನೂ ಇಲ್ಲ.

ನಾನು ಎದ್ದು ನಿಂತೆ. ಅತ್ತೆ ಪಿಸ್ತೂಲನ್ನು ಮೂತಿ ಮುಂದಕ್ಕಿರುವಂತೆ ಮೇಜಿನ ಮೇಲೆ ಇಟ್ಟಿದ್ದಳು. ಹಿಂದಿನ ವರ್ಷವೂ ಹೀಗೆಯೇ ಇಟ್ಟಿದ್ದಳು. ರೇಂಜಿನವನು ಅವಳ ಕಡೆ ನಡೆದ. ನನಗೆ ಪೆಟ್ಟಿಗೆಯ ತಳದಲ್ಲಿದ್ದ ನನ್ನದೇ ಅಕ್ಷರ, ತಾರೀಖಿನ ಖಾಲಿ ಜಾಗ, ಎಲ್ಲ ಕಂಡವು. ಅತ್ತೆ ಸೆರಗಿನಿಂದ ಕನ್ನಡಕ ಒರೆಸಿದಳು. ಬೆಳಕಿಗೆ ಹಿಡಿದು ನೋಡಿದಳು. ಇನ್ನೊಮ್ಮೆ ಒರೆಸಿದಳು. ಹಾಕಿಕೊಂಡಳು. ಪಿಸ್ತೂಲು ಎತ್ತಿದಳು.

ಹದಿಮೂರು.

ಉಳಿದದ್ದನ್ನು ನಾನು ಬೆರಳು ಮಡಿಸಿ ಎಣಿಸಿದೆ. ನನ್ನ ಲೆಕ್ಕದಲ್ಲಿ ಹತ್ತೊಂಬತ್ತು ಬಂತು. ಅವಳ ಲೆಕ್ಕದಲ್ಲಿ ಇಪ್ಪತ್ತು. ಖಾಲಿ ತೋಟೆ ಆರಿಸಿ ಎಣಿಸಿದಾಗಲೂ ಇಪ್ಪತ್ತು. ಒಂದನ್ನು ನಾನು ಎಲ್ಲಿ ಕಳೆದುಕೊಂಡೆನೋ ಇಂದಿಗೂ ಗೊತ್ತಿಲ್ಲ. ಅತ್ತೆ ಸ್ಲೈಡು ತೆರೆದು ರೇಂಜಿನವನಿಗೆ ಖಾಲಿ ಪಿಸ್ತೂಲು ತೋರಿಸಿದಳು.

"ಚೇಚೀ, ಇವತ್ತು ಹರತಾಳ ಇಲ್ಲವೋ?" ಎಂದು ಅವನು ಕೇಳಿದ.

"ವಾಪಸ್ ತಗೊಂಡ್ರು," ಅತ್ತೆಯೂ ಮಲಯಾಳದಲ್ಲೇ ಅಂದಳು. "ಬೇಡಿಕೆ ಈಡೇರ್ತು."

ಹನ್ನೊಂದು ಜನರಲ್ಲಿ ಅವಳು ಎಂಟನೆಯವಳು. ಎರಡು ಗುಂಡು ಕಾಗದಕ್ಕೇ ತಗಲಿರಲಿಲ್ಲ. ಪನಮರಂನಲ್ಲಿ ಜೀಪು ನಿಲ್ಲಿಸಿ ಪರೋಟ ತಿಂದೆವು. ಅವಳು ಮೂರು ತಿಂದಳು, ಬಲಗೈಯಲ್ಲಿ ಹರಿದು ಹರಿದು. ಆ ಕೈಯನ್ನು ಎಡಗೈ ಹಿಡಿದುಕೊಳ್ಳಲಿಲ್ಲ. ಆಗ ಅವಳು ಹಾಡುತ್ತಿದ್ದಳು ಎಂದು ಬರೆಯಬಹುದಿತ್ತು. ಹಾಡಲಿಲ್ಲ. ಪುಲ್ಪಳ್ಳಿಯವರೆಗೂ ನನ್ನ ಗೇರು ಬದಲಾಯಿಸುವ ರೀತಿಯನ್ನು ಬಯ್ದಳು.

ಸಂಜೆ ಐದಕ್ಕೆ ಮತ್ತೆ ಜಗಲಿ. ಹೊಡೆದು ಬಂದ ದಿನವೇ ಒರೆಸಬೇಕು. ಅಮ್ಮ ತಳ ಹಿಡಿದ ಪಾಯಸ ತಂದಳು. ಪಕ್ಕದಲ್ಲೇ ಕೂತು ಚಿಂದಿ ಹರಿದುಕೊಟ್ಟಳು.

"ಮುಂದಿನ ವರ್ಷದಿಂದ ಪಿಸ್ತೂಲಿಗೆ ದೀಪದೆಣ್ಣೆ ಬಿಡಲ್ಲ," ಅಂದೆ.

"ಹಂಗಂದ್ರೆ?" ಅಮ್ಮ ತಲೆ ಎತ್ತಿದಳು. "ಪೂಜೆಗಿಟ್ಟಿದ್ದಕ್ಕೆ ಎಣ್ಣೆ ಬಿಡ್ದೆ ಇರ್ತಾರಾ? ನಿಮ್ಮಪ್ಪ ಬಿಟ್ಕೊಂಡು ಬಂದಿದ್ದು."

ಅತ್ತೆ ಯೋಚಿಸಿದಳು. ಬಿಚ್ಚಿದ ತುಂಡುಗಳನ್ನು ನೋಡಿದಳು, ಅಮ್ಮನನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು. ಅದರ ಮುಚ್ಚಳವನ್ನು ತೆರೆದು ಮುಚ್ಚಿದಳು. ಅದು ಕಿರ್ ಎಂದಿತು.

"ಪೆಟ್ಗೆ ಮುಚ್ಚಳದ ಕೀಲಿಗೆ ಬಿಡು," ಅಂದಳು. "ಎಷ್ಟು ಚಮಚ ಬೇಕಾದ್ರೂ ಬಿಡು. ಅದೂ ಪಿಸ್ತೂಲಿಂದೇ ಅಲ್ವಾ, ಅತ್ತಿಗೆ?"

ಅಮ್ಮ ತಾನೂ ಮುಚ್ಚಳವನ್ನು ಒಮ್ಮೆ ತೆರೆದು ಮುಚ್ಚಿದಳು. "ಶರಿ," ಎಂದು ಮಲಯಾಳದಲ್ಲಿ ಅಂದಳು. "ಅಲುಗಾಡುತ್ತಲ್ಲ. ಆಗ್ಬೋದು."

ಆಗ ಅತ್ತೆ ಪೆಟ್ಟಿಗೆಯ ತಳದಿಂದ ಅರ್ಜಿಯನ್ನು ತೆಗೆದಳು. ಮಡಿಕೆ ಬಿಡಿಸಿ, ಹರಿಯುತ್ತಾಳೇನೋ ಎಂದು ನಾನು ನೋಡುತ್ತಿದ್ದಂತೆ, ಅದನ್ನು ಪಂಚೆಯ ಮೇಲೆ ಹಾಸಿ ಕೈಯಿಂದ ಸವರಿ ಸಮಮಾಡಿದಳು. ಅದರ ಮೇಲೆ ಕೊಳವೆಯನ್ನೂ ಸ್ಪ್ರಿಂಗನ್ನೂ ಇಟ್ಟಳು. ಹೆಚ್ಚಿನ ಎಣ್ಣೆ ಇಳಿದು ನನ್ನ ಚೆಂದದ ಅಕ್ಷರಗಳು ಒಂದೊಂದಾಗಿ ಪಾರದರ್ಶಕವಾದವು. ಅವಳ ಸಹಿಯೂ.

"ಈ ಕಾಗ್ದ ಚೆನ್ನಾಗಿ ಹೀರುತ್ತೆ ಕಣ್ಲಾ," ಅಂದಳು. "ಇನ್ನೆರಡು ಬರ್ಕೊಡು."